ಬೆಲೆ ಹೇಳದ ಫೋನಿಗೆ ಮೂರು ತಿಂಗಳು ಕಾದೆವು

ನಮ್ಮ ಕಡೆ ಹುಬ್ಬೆ ಮಳೆ ಅಷ್ಟಕ್ಕಷ್ಟೇ ಆಯ್ತು. ಉತ್ತರೆ ನಿನ್ನೆ ಹುಟ್ಟಿದೆ, ಸದ್ಯಕ್ಕೆ ಮೋಡ ಕಟ್ಟೋದು, ಗಾಳಿ ಬಂದು ಚದುರಿಸೋದು, ಇಷ್ಟೇ ನಡೀತಿದೆ. ರಾಗಿಗೆ ಎರಡನೇ ಎಡೆಕುಂಟೆ ಮುಗೀತು. ಯೂರಿಯಾ ಚೀಲ ಜಗಲಿ ಮೇಲೆ ಇಟ್ಕೊಂಡು ಆಕಾಶ ನೋಡ್ತಾ ಕೂತಿದ್ದೀನಿ. ಕೂತವನಿಗೆ ತಲೆಯಲ್ಲಿ ಒಂದೇ ವಿಷಯ ಕೊರೀತಿದೆ, ಅದನ್ನ ಬರೆದೇಬಿಡ್ತೀನಿ. ಅರಸೀಕೆರೆ, ತಿಪಟೂರು ಕಡೆಯ ನಮ್ಮ ಅಣ್ಣತಮ್ಮಂದಿರು ಸ್ವಲ್ಪ ಸಮಾಧಾನವಾಗಿ ಓದಿ. ಬೈಯೋದಿದ್ರೆ ಕೊನೇಲಿ ಬೈಯಿರಿ.

2021ರ ಸೆಪ್ಟೆಂಬರ್ 10, ಶುಕ್ರವಾರ, ಗಣೇಶನ ಹಬ್ಬ. ಅವತ್ತು ಜಿಯೋ ಫೋನ್ ನೆಕ್ಸ್ಟ್ ಬರ್ಬೇಕಿತ್ತು. ಹಬ್ಬದ ಹಿಂದಿನ ರಾತ್ರಿ ಕಂಪನಿಯವರು ಒಂದು ಹೇಳಿಕೆ ಬಿಟ್ರು: ಫೋನು ಇನ್ನೂ ಕೆಲವರ ಕೈಲಿ ಪರೀಕ್ಷೆ ಆಗ್ತಿದೆ, ಜಗತ್ತಿನಲ್ಲೆಲ್ಲ ಚಿಪ್ಪಿನ ಅಭಾವ ಇದೆ, ದೀಪಾವಳಿ ಹೊತ್ತಿಗೆ ತರ್ತೀವಿ. ಆಯ್ತಲ್ಲ. ಗಣೇಶ ಬಂದ, ಕಡುಬು ತಿಂದ, ನೀರಿಗೂ ಹೋದ. ಫೋನು ಬರಲಿಲ್ಲ.

ಬರಲಿಲ್ಲ ಅನ್ನೋದಕ್ಕೆ ನನಗೆ ಸಿಟ್ಟಿಲ್ಲ. 2021ರಲ್ಲಿ ಚಿಪ್ಪಿಗೆ ಬರ ಬಂದಿದ್ದು ನಿಜ, ಕಾರು ಕಂಪನಿಗಳೇ ಚಿಪ್ಪಿಲ್ಲದೆ ತಯಾರಿಕೆ ಕಡಿಮೆ ಮಾಡಿದ್ವು. ನನ್ನ ಸಿಟ್ಟು ಬೇರೆ ಕಡೆ ಇದೆ, ಅದರಲ್ಲಿ ಅರ್ಧ ನನ್ನ ಮೇಲೇ ಇದೆ.

ನಮ್ಮ ಹೊಲದ ಬದುವಿನಾಚೆ ಒಬ್ಬರಿದ್ದಾರೆ. ಹೆಸರು ಬೇಡ. ಎರಡೆಕರೆ ರಾಗಿ, ಹತ್ತಿಪ್ಪತ್ತು ತೆಂಗು, ಒಂದು ಹಸು, ನಾಲ್ಕೈದು ಕುರಿ. ಕೈಲಿರೋದು ಬಟನ್ ಸೆಟ್ಟು, ಅದರ ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಮಗಳು ಏಳನೇ ಕ್ಲಾಸು. ಜೂನ್ ತಿಂಗಳಲ್ಲಿ ಒಂದು ಕುರಿ ಮಾರಿ ಬಂದವರು ನೇರ ನನ್ನ ಹತ್ತಿರ ಬಂದ್ರು. ‘ಮಗಾ, ಐದು ಸಾವಿರ ಇದೆ, ಹುಡುಗಿಗೆ ಪಾಠಕ್ಕೆ ಒಂದು ಟಚ್ ಫೋನು ಕೊಡಿಸು, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ’ ಅಂದ್ರು. ನಾನು ದೊಡ್ಡ ಜಾಣನ ಥರ ಹೇಳ್ದೆ: ‘ದೊಡ್ಡಪ್ಪ, ಈಗ ತಗೋಬೇಡಿ. ಗಣೇಶನ ಹಬ್ಬಕ್ಕೆ ಹೊಸಾದೊಂದು ಬರುತ್ತೆ, ಅರ್ಧ ರೇಟು, ಹೊಸ ಪೀಸು, ಕಾಯಿರಿ.’

ಕಾಯಿರಿ ಅಂದವನು ನಾನು. ಆ ಐದು ಸಾವಿರ ಜುಲೈನಲ್ಲಿ ಗೊಬ್ಬರಕ್ಕೆ ಹೋಯ್ತು, ಉಳಿದಿದ್ದು ಆಗಸ್ಟ್‌ನಲ್ಲಿ ಹಸುವಿನ ಕೆಚ್ಚಲು ಬಾವಿಗೆ ಹೋಯ್ತು. ರೈತನ ಮನೆಯಲ್ಲಿ ದುಡ್ಡು ಮೂರು ತಿಂಗಳು ಸುಮ್ಮನೆ ಕೂತಿರುತ್ತಾ? ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟನೇ ತರಗತಿ ಶಾಲೆ ತೆಗೀತು. ಹುಡುಗಿ ಹೋದ್ಲು. ಮೇಷ್ಟ್ರು ವಾಟ್ಸಾಪ್‌ಗೆ ಹಾಕಿದ್ದ ಅಭ್ಯಾಸದ ಹಾಳೆ ಒಂದೂ ಅವಳ ಹತ್ತಿರ ಇರಲಿಲ್ಲ. ಚಂದನದಲ್ಲಿ ಬರೋ ಪಾಠ ನೋಡಿದ್ದಳಂತೆ, ಅದೂ ಕರೆಂಟು ಇದ್ದ ದಿನ. ಇದನ್ನ ಅವರು ನನಗೆ ದೂರಿನ ಹಾಗೆ ಹೇಳಲಿಲ್ಲ. ಬದುವಿನ ಮೇಲೆ ಕೂತು ಬೀಡಿ ಹಚ್ಚಿ ‘ದೀಪಾವಳಿಗೆ ಬರುತ್ತಂತಲ್ಲ ಮಗಾ, ಆವಾಗ ನೋಡೋಣ’ ಅಂದ್ರು. ನನ್ನ ಹೊಟ್ಟೆ ಉರಿದಿದ್ದು ಅದಕ್ಕೇ. ಇನ್ನೂ ಕಾಯ್ತಿದ್ದಾರಲ್ಲ!

ಈಗ ವಿಷಯಕ್ಕೆ ಬರೋಣ. ಈ ಆಸೆ ಎಲ್ಲಿಂದ ಹುಟ್ಟಿತು?

2020ರ ಜುಲೈನಲ್ಲಿ ಗೂಗಲ್ ಕಂಪನಿ ಜಿಯೋಗೆ 33,737 ಕೋಟಿ ರೂಪಾಯಿ ಹಾಕ್ತೀನಿ ಅಂತು, ಇಬ್ಬರೂ ಸೇರಿ ಅಗ್ಗದ ಸ್ಮಾರ್ಟ್ ಫೋನು ಮಾಡ್ತೀವಿ ಅಂದ್ರು. ಅಲ್ಲಿಂದ ಶುರು. 2021ರ ಜೂನ್ 24ಕ್ಕೆ ರಿಲಯನ್ಸ್‌ನ ವಾರ್ಷಿಕ ಸಭೆ. ಮುಕೇಶ್ ಅಂಬಾನಿಯವರು ಹೆಸರು ಹೇಳಿದ್ರು, ಇಂಡಿಯಾದಲ್ಲಿ ಅಷ್ಟೇ ಅಲ್ಲ, ಪ್ರಪಂಚದಲ್ಲೇ ಅಗ್ಗದ ಫೋನು ಅಂದ್ರು, ಇನ್ನೂ 30 ಕೋಟಿ ಜನ 2ಜಿಯಲ್ಲಿ ಒದ್ದಾಡ್ತಿದ್ದಾರೆ ಅಂದ್ರು. ಪರದೆ ಮೇಲಿರೋ ಅಕ್ಷರ ಓದಿ ಹೇಳುತ್ತೆ, ಬೇರೆ ಭಾಷೆಗೆ ತಿರುಗಿಸಿ ಕೊಡುತ್ತೆ ಅಂದ್ರು. ಒಳ್ಳೇದೇ. ಓದು ಬಾರದ ನಮ್ಮ ಅವ್ವಂಗೆ ಅಂಥದ್ದು ಸಿಕ್ಕಿದ್ರೆ ನಾನೇ ಮೊದಲು ಕೈ ಮುಗೀತೀನಿ. ದಿನಾಂಕವನ್ನೂ ಹೇಳಿದ್ರು, ಸೆಪ್ಟೆಂಬರ್ 10.

ಬೆಲೆ ಮಾತ್ರ ಹೇಳಲಿಲ್ಲ.

ಇದನ್ನ ಸ್ವಲ್ಪ ಯೋಚನೆ ಮಾಡಿ. ಅಗ್ಗ ಅನ್ನೋದು ಒಂದು ಬೆಲೆ ಅಲ್ವಾ? ಬೆಲೆ ಇಲ್ಲದೆ ಅಗ್ಗ ಹೇಗಾಯ್ತು? ನಾವು ಒಂದು ಜೊತೆ ಎತ್ತು ನೋಡೋಕೆ ಹೋದ್ರೂ ದಲ್ಲಾಳಿ ಟವಲ್ ಕೆಳಗೆ ಬೆರಳು ಹಿಡಿದು ರೇಟು ಹೇಳ್ತಾನೆ. ಇಲ್ಲಿ ಟವಲ್ ಇದೆ, ಕೆಳಗೆ ಕೈಯೇ ಇಲ್ಲ. ಆ ಖಾಲಿ ಜಾಗದಲ್ಲಿ ಊರೋರೆಲ್ಲ ತಮ್ಮ ತಮ್ಮ ಬೆರಳು ಇಟ್ರು. ಒಬ್ಬ 3,500 ಅಂದ. ಯೂಟ್ಯೂಬ್‌ನಲ್ಲಿ ಇನ್ನೊಬ್ಬ ಬರೀ ಐನೂರು ಕಟ್ಟಿ ತಗೊಂಡು ಹೋಗಿ ಅಂದ. ನಮ್ಮೂರ ಡೇರಿ ಮುಂದೆ ಆಗಸ್ಟ್ ಕೊನೆ ಹೊತ್ತಿಗೆ ಅದು ‘ಫ್ರೀ ಅಂತೆ’ ಆಗಿತ್ತು! ಕಂಪನಿ ಒಂದು ಪೈಸೆ ಖರ್ಚಿಲ್ಲದೆ ಮೂರು ತಿಂಗಳು ನಮ್ಮ ಬಾಯಲ್ಲೇ ಜಾಹೀರಾತು ಹಾಕಿಸ್ಕೊಂತು. ಡಂಗುರ ಹೊಡೆದವರು ನಾವು, ಕೂಲಿಯೂ ಇಲ್ಲ.

ಸುಮ್ಮನೆ ಅವರನ್ನ ದೂರ್ತಿದ್ದೀನಿ ಅನ್ಕೋಬೇಡಿ. ಹಿಂದಿನದನ್ನೂ ಹೇಳ್ತೀನಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗ ಒಂದು ಜಿಬಿ ನೆಟ್ಟಿಗೆ ಇನ್ನೂರು, ಇನ್ನೂರೈವತ್ತು ಕೊಡ್ತಿದ್ವಿ. ಅದು ಬಂದಮೇಲೆ ಎಲ್ಲ ಕಂಪನಿಯವರೂ ರೇಟು ಇಳಿಸಿದ್ರು, ತಿಪಟೂರು ಕೊಬ್ಬರಿ ಹರಾಜಿನ ರೇಟನ್ನ ಮನೇಲಿ ಕೂತು ನೋಡೋ ಭಾಗ್ಯ ನಮಗೆ ಬಂದಿದ್ದು ಆಮೇಲೇ. ಹಾಗಾಗಿ ಜನ ಆಸೆ ಪಟ್ಟಿದ್ದು ಹುಚ್ಚಲ್ಲ. ಒಂದು ಸಲ ಕೊಟ್ಟವನು ಇನ್ನೊಂದು ಸಲವೂ ಕೊಟ್ಟಾನು ಅನ್ನೋದು ನಂಬಿಕೆ.

ಆದ್ರೆ 2017ನೂ ಮರೀಬಾರದು. ಜುಲೈ 21ಕ್ಕೆ ಇದೇ ಥರ ವಾರ್ಷಿಕ ಸಭೆ, ಇದೇ ಥರ ಘೋಷಣೆ. ಜಿಯೋ ಫೋನ್, ಬಟನ್ನಿಂದು. ‘ಲೆಕ್ಕಕ್ಕೆ ಸೊನ್ನೆ ರೂಪಾಯಿ’ ಅಂದ್ರು. 1,500 ಠೇವಣಿ, ಮೂರು ವರ್ಷಕ್ಕೆ ವಾಪಸ್. ಆಗಸ್ಟ್ 24ಕ್ಕೆ ಬುಕಿಂಗ್ ತೆಗೆದ್ರು, ಐನೂರು ಮುಂಗಡ. ಮೂರು ದಿನ ತಡೆಯೋಕಾಗಲಿಲ್ಲ, ಅಷ್ಟು ಜನ ಬಿದ್ದು ಬುಕಿಂಗ್ ನಿಲ್ಲಿಸಿದ್ರು. ಷರತ್ತು ಪೂರ್ತಿ ಹೊರಗೆ ಬಂದಿದ್ದು ಯಾವಾಗ ಗೊತ್ತಾ? ದುಡ್ಡು ಕಟ್ಟಿ ಒಂದು ತಿಂಗಳಾದ ಮೇಲೆ, ಸೆಪ್ಟೆಂಬರ್ ಕೊನೆಗೆ, ಫೋನು ಕೈಗೆ ಬರೋ ಹೊತ್ತಿಗೆ. ವರ್ಷಕ್ಕೆ ಕಡಿಮೆ ಅಂದ್ರೂ 1,500 ಕರೆನ್ಸಿ ಹಾಕಿಸ್ಲೇಬೇಕು. ಮೊದಲ ವರ್ಷದೊಳಗೆ ವಾಪಸ್ ಕೊಟ್ರೆ ಠೇವಣಿ ಪೂರ್ತಿ ಹೋಯ್ತು, ಎರಡನೇ ವರ್ಷ ಕೊಟ್ರೆ ಐನೂರು ಸಿಗುತ್ತೆ, ಮೂರನೇ ವರ್ಷ ಕೊಟ್ರೆ ಸಾವಿರ. ಸೊನ್ನೆ ರೂಪಾಯಿ ಫೋನಿಗೆ ಮೂರು ವರ್ಷದಲ್ಲಿ 4,500 ಕರೆನ್ಸಿ. ಮೋಸ ಅಂತ ನಾನು ಹೇಳಲ್ಲ. ಕರೆ ಮಾಡಿದ್ವಿ, ಹಾಡು ಕೇಳಿದ್ವಿ, ನಮ್ಮ ಮನೇಲಿ ಒಂದು ಇನ್ನೂ ನಡೀತಿದೆ. ಆದ್ರೆ ಸೊನ್ನೆ ಅನ್ನೋ ಅಂಕಿ ವೇದಿಕೆ ಮೇಲಿಂದ ಬಂತು, ಮಿಕ್ಕ ಅಂಕಿಗಳು ಸಣ್ಣಕ್ಷರದಲ್ಲಿ ಬಂದವು.

ವಾಟ್ಸಾಪ್ ಕಥೆಯೂ ಹಾಗೇ. ಆ ಫೋನು ಆಂಡ್ರಾಯ್ಡ್ ಅಲ್ಲ, ಕಾಯ್ ಓಎಸ್ ಅನ್ನೋ ಬೇರೆ ವ್ಯವಸ್ಥೆ. ಕೈಗೆ ಬಂದಾಗ ಅದರಲ್ಲಿ ವಾಟ್ಸಾಪ್ ಇರಲಿಲ್ಲ, ಬಂದಿದ್ದು 2018ರ ಸೆಪ್ಟೆಂಬರ್‌ಗೆ. ಅದರಲ್ಲಿ ಆಂಡ್ರಾಯ್ಡ್ ಆಪ್ ಒಂದೂ ನಡೆಯಲ್ಲ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ಕೃಷಿ ಇಲಾಖೆಯ ಬೆಳೆ ಸಮೀಕ್ಷೆ ಆಪ್ ಆಂಡ್ರಾಯ್ಡ್‌ದು. 2020ರಿಂದ ‘ನಿಮ್ಮ ಬೆಳೆ ನೀವೇ ಫೋಟೊ ಹೊಡೆದು ಹಾಕಿ’ ಅಂತ ನಮ್ಮ ಮೇಲೆ ಬಿಟ್ಟಿದ್ದಾರಲ್ಲ, ಅದು. ಸೊನ್ನೆ ರೂಪಾಯಿ ಫೋನು ಹಿಡಿದವನು ಹೊಲದಲ್ಲಿ ನಿಂತು ಏನು ಮಾಡ್ಬೇಕು?

(251 ರೂಪಾಯಿ ಫೋನು ನೆನಪಿದ್ಯಾ? 2016ರ ಫೆಬ್ರವರಿ, ಫ್ರೀಡಂ 251. ಜನ ಮುಗಿಬಿದ್ದು ವೆಬ್‌ಸೈಟೇ ಕೂತುಬಿಡ್ತು. ಅದಕ್ಕೂ ಇದಕ್ಕೂ ಹೋಲಿಕೆ ಮಾಡಲ್ಲ, ಅದು ಬೇರೆ ಜಾತಿ. ಆದ್ರೆ ಅವತ್ತು ಸೈಬರ್ ಸೆಂಟರ್ ಮುಂದೆ ಕ್ಯೂ ನಿಂತವರಲ್ಲಿ ನಾನೂ ಇದ್ದೆ. ನಗಬೇಡಿ.)

ಇನ್ನು ಲೆಕ್ಕ. ನಮ್ಮವರು ಫೋನಿನ ರೇಟು 3,500 ಆಗುತ್ತಾ 5,000 ಆಗುತ್ತಾ ಅಂತ ಜಗಳ ಆಡ್ತಾರೆ. ಕೇಳಬೇಕಾದ್ದನ್ನ ಯಾರೂ ಕೇಳ್ತಿಲ್ಲ: ಈ ಫೋನಿಗೆ ಕರೆನ್ಸಿ ಎಷ್ಟು? ಬಟನ್ ಜಿಯೋ ಫೋನಿಗೆ 2021ರ ಮಾರ್ಚ್‌ನಲ್ಲಿ 749 ರೂಪಾಯಿಗೆ ಒಂದು ವರ್ಷದ ಪ್ಯಾಕ್ ತಂದ್ರು, ತಿಂಗಳಿಗೆ ಎರಡು ಜಿಬಿ. ಬೇರೆ ಸ್ಮಾರ್ಟ್ ಫೋನಿಗೆ ಆಗ ದಿನಕ್ಕೆ ಒಂದೂವರೆ ಜಿಬಿದು 199 ಇತ್ತು, ಅದೂ 28 ದಿನಕ್ಕೆ. ಈ 28 ದಿನದ ತಿಂಗಳು ಯಾವ ಪಂಚಾಂಗದ್ದೋ ನಾ ಕಾಣೆ, ಅದರ ದೆಸೆಯಿಂದ ವರ್ಷಕ್ಕೆ ಹದಿಮೂರು ಸಲ ಹಾಕಿಸ್ಬೇಕು. ಹದಿಮೂರು ಸಲ 199 ಅಂದ್ರೆ 2,587. ಎರಡು ವರ್ಷಕ್ಕೆ 5,174. ಪ್ರೋತ್ಸಾಹಧನ ಬಿಟ್ಟು ಹಾಲು ಲೀಟರಿಗೆ ಆಗ ಇಪ್ಪತ್ತೈದು ಅಂತ ಹಿಡಿದ್ರೆ ವರ್ಷಕ್ಕೆ ನೂರಕ್ಕೂ ಮೇಲೆ ಲೀಟರ್ ಹಾಲು ಬರೀ ಕರೆನ್ಸಿಗೆ. ಹೊಸ ಫೋನು 749ರ ಸಾಲಿಗೆ ಸೇರುತ್ತೋ 199ರ ಸಾಲಿಗೆ ಸೇರುತ್ತೋ? ಜೂನ್‌ನಿಂದ ಗಣೇಶನ ಹಬ್ಬದವರೆಗೆ ಕಂಪನಿ ಬಾಯಿ ಬಿಟ್ಟಿರಲಿಲ್ಲ. ಅಲ್ಲಿ ಗೊತ್ತಾಗೋದು ಅಗ್ಗವೋ ಅಲ್ವೋ ಅಂತ. ಫೋನಿನ ಡಬ್ಬದ ಮೇಲಲ್ಲ. ಬೇರೆ ಕಂಪನಿಯವರೂ ಕಡಿಮೆಯೇನಿಲ್ಲ. ಏರ್‌ಟೆಲ್ 2021ರ ಜುಲೈ ಕೊನೆಗೆ 49ರ ಪ್ಯಾಕ್ ತೆಗೆದು 79 ಮಾಡ್ತು. ಬಟನ್ ಸೆಟ್ಟಿಟ್ಕೊಂಡ ಮುದುಕರ ಸಿಮ್ಮು ಜೀವಂತ ಇಡೋಕೆ ಆಗ ಮೂವತ್ತು ರೂಪಾಯಿ ಜಾಸ್ತಿ ಆಯ್ತು.

ಇನ್ನೊಂದು ಮಾತು. ಚಿಪ್ಪಿಗೆ ಬರ ಅಂತ ಅವರೇ ಹೇಳಿದ್ದಾರೆ. ಬರ ಬಂದಾಗ ಮೇವಿನ ರೇಟು ಏನಾಗುತ್ತೆ? ಚಿಪ್ಪು ಸಿಗದೆ ರೇಟು ಏರಿದಾಗ ಮೂವತ್ತು ಸಾವಿರದ ಫೋನು ಮಾಡೋನು ತಡ್ಕೋತಾನೆ, ಮೂರೂವರೆ ಸಾವಿರದ ಫೋನು ಮಾಡೋನು ಹೇಗೆ ತಡ್ಕೋತಾನೆ? ನನ್ನ ಅಂದಾಜು ಕೇಳಿದ್ರೆ, ದೀಪಾವಳಿಗೆ ಬರೋ ಫೋನು ಡೇರಿ ಮುಂದಿನ ರೇಟಿಗೆ ಬರಲ್ಲ. ಕಂತು ಅಂತ ಬರುತ್ತೆ. ಮುಂಗಡ ಇಷ್ಟು, ತಿಂಗಳಿಗೆ ಇಷ್ಟು, ಕರೆನ್ಸಿಯೂ ಸೇರಿ ಅಂತ ಏನೋ ಒಂದು ಕಟ್ಟು ಮಾಡಿ ಕೊಡ್ತಾರೆ. ನನ್ನ ಮಾತು ಸುಳ್ಳಾಗಲಿ, ಸಂತೋಷ. ನವೆಂಬರ್ 4ಕ್ಕೆ ಬಂದು ನನ್ನ ಮುಖಕ್ಕೆ ಹೇಳಿ, ಕಾಫಿ ನನ್ನದು.

‘ಕಾಯೋದ್ರಲ್ಲಿ ಏನು ತಪ್ಪು? ನಾವು ಕೊಬ್ಬರಿ ಕಾಯಲ್ವಾ?’ ಅಂತ ನಮ್ಮ ಭಾವಮೈದ ವಾದ ಮಾಡ್ದ. ಒಳ್ಳೆ ಪ್ರಶ್ನೆಯೇ. ನಾವು ಅಟ್ಟದ ಮೇಲೆ ಕಾಯಿ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ, ಆಮೇಲೂ ರೇಟು ಏರುತ್ತೆ ಅಂತ ಇನ್ನೆರಡು ಹರಾಜು ನೋಡ್ತೀವಿ. ಆದ್ರೆ ಅಲ್ಲಿ ಮಾಲು ನಮ್ಮ ಅಟ್ಟದಲ್ಲಿದೆ. ಅಲ್ಲಾಡಿಸಿದ್ರೆ ಒಳಗೆ ಗಿಟಕು ಲೊಡಲೊಡ ಅನ್ನುತ್ತೆ. ಹರಾಜಿನ ದಿನ ರೇಟು ಎಲ್ಲರ ಕಣ್ಣೆದುರಿಗೆ ಬರುತ್ತೆ. ಬೇಡ ಅನ್ನಿಸಿದ ದಿನ ಮಾರಿ ಕೈ ತೊಳ್ಕೋಬಹುದು. ಈ ಫೋನಿನ ವಿಷಯದಲ್ಲಿ ಮಾಲು ಅವರ ಹತ್ತಿರ, ರೇಟು ಅವರ ಹತ್ತಿರ, ದಿನಾಂಕ ಅವರ ಹತ್ತಿರ. ನಮ್ಮ ಹತ್ತಿರ ಇರೋದು ಕಾಯೋ ಕೆಲಸ ಒಂದೇ.

ನನಗೆ ಈ ಪಾಠ ಮೊದಲೇ ಆಗಿತ್ತು, ಆದ್ರೂ ಬುದ್ಧಿ ಬರಲಿಲ್ಲ ನೋಡಿ. ಮೂರು ವರ್ಷದ ಹಿಂದೆ ಒಂದು ಕೃಷಿ ಮೇಳಕ್ಕೆ ಹೋಗಿದ್ದೆ. ಮೊಬೈಲ್‌ನಿಂದ ಪಂಪ್ ಆನ್ ಮಾಡೋ ಸ್ಟಾರ್ಟರ್ ತಗೊಳ್ಳೋಣ ಅಂತ ದುಡ್ಡು ಜೇಬಲ್ಲೇ ಇತ್ತು. ಒಂದು ಕಂಪನಿ ಸ್ಟಾಲಿನ ಹುಡುಗ, ಹೆಸರು ಬೇಡ, ‘ಸಾರ್, ಇದು ಹಳೇ ಮಾಡೆಲ್. ಸಂಕ್ರಾಂತಿಗೆ ಹೊಸದು ಬಿಡ್ತೀವಿ, ಬೋರಲ್ಲಿ ನೀರು ಕಡಿಮೆಯಾದ್ರೆ ತಾನೇ ಆಫ್ ಆಗುತ್ತೆ, ರೇಟೂ ಕಡಿಮೆ’ ಅಂದ. ದುಡ್ಡು ವಾಪಸ್ ತಂದೆ. ಸಂಕ್ರಾಂತಿ ಹೋಯ್ತು, ಯುಗಾದಿ ಹೋಯ್ತು. ಫೋನ್ ಮಾಡಿದಾಗಲೆಲ್ಲ ‘ಮುಂದಿನ ತಿಂಗಳು ಸಾರ್’. ಆ ಬೇಸಿಗೆ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದಾಗ ಟಾರ್ಚ್ ಹಿಡ್ಕೊಂಡು ಹೋಗಿ ಆನ್ ಮಾಡಿ ಬರ್ತಿದ್ದೆ. ಒಂದು ರಾತ್ರಿ ಆನ್ ಮಾಡಿ ಬಂದು ಮಲಗಿಬಿಟ್ಟೆ. ಬೋರಲ್ಲಿ ನೀರು ತಳ ಕಂಡಿತ್ತು, ಮೋಟಾರ್ ಬರೀ ಗಾಳಿ ಎಳೆದು ಬೆಳಗಾಗೋ ಹೊತ್ತಿಗೆ ಸುಟ್ಟಿತ್ತು. ಎತ್ತಿಸಿ, ವೈಂಡಿಂಗ್ ಕಟ್ಟಿಸಿ, ಇಳಿಸೋಕೆ ಹದಿನಾಲ್ಕು ಸಾವಿರ. ಜೊತೆಗೆ ಎಂಟು ದಿನ ನೀರಿಲ್ಲದೆ ಬದನೆ ಒಣಗಿತು. ಅವತ್ತು ಮೇಳದಲ್ಲಿದ್ದ ‘ಹಳೇ ಮಾಡೆಲ್’ ತಗೊಂಡಿದ್ರೆ ಮನೇಲಿ ಕೂತೇ ಮೋಟಾರ್ ನಿಲ್ಲಿಸಬಹುದಿತ್ತು. ಹೊಸ ಮಾಡೆಲ್ ಬಂತು, ಬರಲಿಲ್ಲ ಅಂತಲ್ಲ. ಒಂದೂವರೆ ವರ್ಷಕ್ಕೆ ಬಂತು, ರೇಟು ಜಾಸ್ತಿ.

ಕಂಪನಿಗೆ ಬೈದು ಮುಗಿಸಿದ್ರೆ ಅರ್ಧ ನ್ಯಾಯ. ಸರ್ಕಾರಕ್ಕೂ ಒಂದು ಮಾತು. 2021ರಲ್ಲಿ ಪಾಠ ಫೋನಲ್ಲಿ, ಬೆಳೆ ಸಮೀಕ್ಷೆ ಫೋನಲ್ಲಿ. ಪಹಣಿಯಲ್ಲಿ ಬೆಳೆ ಸರಿಯಾಗಿ ಕೂರದಿದ್ರೆ ರಾಗಿ ಖರೀದಿ ಕೇಂದ್ರದಲ್ಲಿ ನಿಲ್ಲಿಸ್ತಾರೆ, ಬೆಳೆ ಹೋದ್ರೆ ಪರಿಹಾರಕ್ಕೂ ಅದನ್ನೇ ನೋಡ್ತಾರೆ. 2021-22ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 3,377 ಇತ್ತು. ಹೊರಗೆ ವ್ಯಾಪಾರಿ ಎಷ್ಟಕ್ಕೆ ಕೇಳ್ತಾನೆ ಅಂತ ನಿಮಗೇ ಗೊತ್ತು. ಇಷ್ಟನ್ನೂ ಒಂದು ಫೋನಿಗೆ ಕಟ್ಟಿಹಾಕಿದ ಮೇಲೆ, ಫೋನಿಲ್ಲದವನ ಗತಿ ಏನು ಅಂತ ಯೋಚನೆ ಮಾಡಿದವರು ಯಾರು? ರೈತ ಹಾಕದಿದ್ರೆ ಸಮೀಕ್ಷೆಗೆ ಗೊತ್ತು ಮಾಡಿದ ಹುಡುಗರು ಬಂದು ಹಾಕ್ತಾರೆ ಅಂತಾರೆ. ಬರ್ತಾರೆ, ಹಾಕ್ತಾರೆ, ನಿಜ. ಹೋದ ವರ್ಷ ನಮ್ಮ ಕಡೆ ಒಬ್ಬರ ರಾಗಿ ಹೊಲಕ್ಕೆ ಜೋಳ ಅಂತ ಹತ್ತಿ, ಅದನ್ನ ಸರಿ ಮಾಡಿಸೋಕೆ ಅವರು ತಾಲ್ಲೂಕಿಗೆ ನಾಲ್ಕು ಸಲ ಓಡಾಡಿದ್ರು. ಸರ್ಕಾರದ ಕೆಲಸಕ್ಕೆ ಬೇಕಾದ ಸಾಮಾನು ಖಾಸಗಿ ಕಂಪನಿಯ ಹಬ್ಬದ ಕೊಡುಗೆಯಾಗಿ ಬರಲಿ ಅಂತ ಕಾದು ಕೂರೋ ಪರಿಸ್ಥಿತಿ ರೈತನಿಗೆ ಯಾಕೆ ಬರ್ಬೇಕು? ರೈತ ಸಂಪರ್ಕ ಕೇಂದ್ರದಲ್ಲಿ ಸಮೀಕ್ಷೆ ಮುಗಿಯೋವರೆಗೆ ನಾಲ್ಕು ಫೋನು ಇಟ್ಟು, ಸಹಿ ಹಾಕಿಸ್ಕೊಂಡು ಒಂದೊಂದು ದಿನಕ್ಕೆ ಕೊಟ್ರೆ ಖಜಾನೆ ಬರಿದಾಗುತ್ತಾ?

ಮತ್ತೆ ಟವರ್. ನಮ್ಮೂರ ಕೆರೆ ಏರಿ ಮೇಲೆ ಎರಡು ಕಡ್ಡಿ, ಊರೊಳಗೆ ಒಂದು ಕಡ್ಡಿ, ಹೊಲದಲ್ಲಿ ಅದೂ ಇಲ್ಲ. ಪ್ರಪಂಚದಲ್ಲೇ ಅಗ್ಗದ ಫೋನನ್ನ ತಂದು ಕೆರೆ ಏರಿ ಮೇಲೆ ನಿಂತ್ಕೋಬೇಕು. ಇದರ ಬಗ್ಗೆ ಯಾವ ಸಭೆಯಲ್ಲೂ ನಮ್ಮೂರಿಗೆ ದಿನಾಂಕ ಕೊಟ್ಟಿಲ್ಲ. ಇರಲಿ, ಇದನ್ನ ಬರೆದ್ರೆ ಇನ್ನೊಂದು ಪುರಾಣ ಆಗುತ್ತೆ.

ದೀಪಾವಳಿಗೆ ಆ ಫೋನು ಬಂದ್ರೆ ಬರಲಿ, ಚೆನ್ನಾಗಿದ್ರೆ ನಾನೂ ತಗೋತೀನಿ. ಯಾರಿಗೆ ಈಗ ಬೇಕೋ ಅವರು ಕಾಯಬೇಡಿ ಅಂತಷ್ಟೇ ನನ್ನ ಜಗಳ. 2021ರ ಸೆಪ್ಟೆಂಬರ್ ಮಧ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳ ಶಾಲೆ ಇನ್ನೂ ತೆಗೆದಿರಲಿಲ್ಲ, ಅವರ ಪಾಠ ಆಗಲೂ ಫೋನಲ್ಲೇ ಇತ್ತು. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಬಿಲ್ಲು, ಡಬ್ಬ ಕೇಳಿ, ಅಂಗಡೀಲೇ ನಿಮ್ಮ ಸಿಮ್ಮು ಹಾಕಿ ಒಂದು ಕರೆ ಮಾಡಿ, ಬೆಳೆ ಸಮೀಕ್ಷೆ ಆಪ್ ಅಲ್ಲೇ ಇಳಿಸಿ ತೆರೆದು ನೋಡಿ. ತೆರೆದ್ರೆ ದುಡ್ಡು ಕೊಡಿ.

ನಮ್ಮ ಬದುವಿನಾಚೆಯ ದೊಡ್ಡಪ್ಪನ ವಿಷಯ ಹೇಳಿ ಮುಗಿಸ್ತೀನಿ. ನಿನ್ನೆ ಸಂಜೆ ಹೋಗಿ ‘ನನ್ನ ಫೋನಲ್ಲೇ ನಿಮ್ಮ ಹೊಲದ ಸಮೀಕ್ಷೆ ಹಾಕ್ತೀನಿ ಬನ್ನಿ’ ಅಂದೆ. ಮೊದಲು ಒಪ್ಪಲಿಲ್ಲ. ‘ಹೊಸ ಫೋನು ಬಂದಮೇಲೆ ನಮ್ಮ ಹುಡುಗಿ ಕೈಲೇ ಹೊಡೆಸ್ತೀನಿ, ಅವಳಿಗೂ ಆಸೆ’ ಅಂದ್ರು. ದೀಪಾವಳಿ ಹೊತ್ತಿಗೆ ಸಮೀಕ್ಷೆ ಮುಗಿದಿರುತ್ತೆ, ರಾಗಿ ಕೊಯ್ಲಿಗೆ ಬಂದಿರುತ್ತೆ ಅಂದಾಗ ಸುಮ್ಮನಾದ್ರು. ಭಾನುವಾರ ಬೆಳಗ್ಗೆ ಬಿಸಿಲು ಏರೋ ಮುಂಚೆ ಹೋಗ್ತಿದ್ದೀವಿ. ಫೋನು ನನ್ನದು, ಫೋಟೊ ಹೊಡೆಯೋದು ಅವರ ಮಗಳು. ಹಳೇ ಮೇಷ್ಟ್ರು ಹಾಳೆಗಳನ್ನೂ ಅವಳಿಗೆ ಅಂತ ಇಳಿಸಿ ಇಟ್ಟಿದ್ದೀನಿ, ಅರಸೀಕೆರೆಗೆ ಹೋದಾಗ ಪ್ರಿಂಟ್ ಹಾಕಿಸ್ಬೇಕು.

ನಮ್ಮೂರು, ಪಕ್ಕದೂರಲ್ಲಿ ಟಚ್ ಫೋನಿಲ್ಲದವರು ಇನ್ಯಾರಾದ್ರೂ ಇದ್ರೆ ಪಹಣಿ, ಆಧಾರ್ ಹಿಡ್ಕೊಂಡು ಭಾನುವಾರ ಏಳು ಗಂಟೆಗೆ ಡೇರಿ ಹತ್ತಿರ ಬರೋಕೆ ಹೇಳಿ. ಓಟಿಪಿ ಬರೋ ಬಟನ್ ಸೆಟ್ಟೂ ಜೊತೇಲಿರಲಿ, ಚಾರ್ಜ್ ಹಾಕ್ಕೊಂಡು ಬರಲಿ. ಮಳೆ ಬಂದ್ರೆ ಸೋಮವಾರ.